ವಿಚ್ಛೇದನದ ಲಾಡು

ನಮ್ಮ ಗಲ್ಲಿಯಲ್ಲಿ ನೀರಿನ ಟ್ಯಾಂಕಿಗೂ ಪರದೇಶದ ಹುಚ್ಚು. ಮೋಗಾ ಪಟ್ಟಣದ ಈ ತುದಿಯಲ್ಲಿ ಯಾರ ತಾರಸಿ ನೋಡಿದರೂ ಸಿಮೆಂಟಿನ ವಿಮಾನವೊಂದು ಹೊಟ್ಟೆ ತುಂಬ ನೀರು ತುಂಬಿಕೊಂಡು ಕೂತಿರುತ್ತದೆ. ಎದುರು ಮನೆಯ ಲಕ್ಖಾ ಆಸ್ಟ್ರೇಲಿಯಾಕ್ಕೆ ಹೋದ ವರ್ಷ ಅವನ ತಾಯಿಯೂ ಒಂದು ಕಟ್ಟಿಸಿದಳು. ಅದರ ಮುಂಭಾಗ ಮುರಿದು ಎಷ್ಟೋ ಕಾಲವಾಯಿತು. ರೆಕ್ಕೆಯ ಕೆಳಗೆ ಪಾರಿವಾಳಗಳು ಗೂಡು ಕಟ್ಟಿವೆ, ತಳ ಸೋರುತ್ತದೆ. ಸೋರಿದಾಗಲೆಲ್ಲ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿ ಸಿಮೆಂಟು ಮೆತ್ತುತ್ತಿದ್ದವಳು ಅವನ ಹೆಂಡತಿ ಬಿಂದರ್. ಹೆಂಡತಿ ಅಂದೆನೇ? ಈ ಕಥೆಯಲ್ಲಿ ಆ ಮಾತನ್ನು ಸ್ವಲ್ಪ ನೋಡಿಕೊಂಡು ಆಡಬೇಕು.

ನಾನು ಸ್ವರಣ್, ಹೆಂಗಸರ ಬಟ್ಟೆ ಹೊಲಿಯುವವಳು. ನನ್ನ ಯಂತ್ರ ಇರುವುದು ಬಾಗಿಲ ಬಳಿಯೇ, ಲಕ್ಖಾನ ಮನೆಯ ಅಂಗಳಕ್ಕೆ ನೇರವಾಗಿ. ನಾನು ಕದ್ದು ನೋಡುವವಳಲ್ಲ. ಆದರೆ ಕಣ್ಣೆದುರು ಆಗುವುದನ್ನು ನೋಡದೆ ಇರಲು ನನಗೇನು ಕುದುರೆಗೆ ಕಟ್ಟುವ ಹಾಗೆ ಕಣ್ಪಟ್ಟಿ ಕಟ್ಟಿದ್ದಾರೆಯೇ? ಈ ಗಲ್ಲಿಯ ಅರ್ಧ ಮದುವೆಗಳಿಗೆ ಲೆಹೆಂಗಾ ಹೊಲಿದವಳು ನಾನು. ಅದರಲ್ಲಿ ಎಷ್ಟು ನಿಜದ ಮದುವೆ, ಎಷ್ಟು ವೀಸಾದ ಮದುವೆ ಅಂತ ಅಳತೆ ತೆಗೆಯುವಾಗಲೇ ಗೊತ್ತಾಗುತ್ತಿತ್ತು. ನಿಜದ ಮದುಮಗಳು ಕೊರಳಿನ ಆಕಾರಕ್ಕೆ ಜಗಳವಾಡುತ್ತಾಳೆ. ವೀಸಾದವಳು "ಫೋಟೋದಲ್ಲಿ ಚೆನ್ನಾಗಿ ಬಂದ್ರೆ ಸಾಕು ಆಂಟಿ" ಅನ್ನುತ್ತಾಳೆ.

ಬಿಂದರ್ ಅಂದರೆ ಬಲಜಿಂದರ್ ಕೌರ್, ಬಸ್‌ಸ್ಟ್ಯಾಂಡಿನ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಲಕ್ಖಾನನ್ನು ಕೈಹಿಡಿದು ಈ ಗಲ್ಲಿಗೆ ಬಂದಾಗ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಗಟ್ಟಿ ಕೈ, ಅದಕ್ಕಿಂತ ಗಟ್ಟಿ ನಾಲಿಗೆ. ಗಲ್ಲಿಯಲ್ಲಿ ಯಾರಿಗೆ ಸೂಜಿ ಚುಚ್ಚಬೇಕಾದರೂ, ಯಾರ ಮಗು ಮಣಿ ನುಂಗಿದರೂ ಅವಳನ್ನೇ ಕೂಗುತ್ತಿದ್ದರು. ಲಕ್ಖಾ ಏನು ಮಾಡುತ್ತಿದ್ದ ಅಂತ ಕೇಳಬೇಡಿ. ಆಸ್ಟ್ರೇಲಿಯಾಕ್ಕೆ ಹೋಗುವ ತಯಾರಿ ಮಾಡುತ್ತಿದ್ದ. ಬೆಳಿಗ್ಗೆ ಹನ್ನೊಂದಕ್ಕೆ ಎದ್ದು, ಟರ್ಬನ್‌ಗೆ ಇಸ್ತ್ರಿ ಹಾಕಿಸಿ, ಮೋಟರ್‌ಸೈಕಲ್ ಮೇಲೆ ಕೂತು ಏಜೆಂಟ್ ಟೋನಿಯ ಆಫೀಸಿಗೆ ಹೋಗಿ ಸೋಫಾ ಬೆಚ್ಚಗೆ ಮಾಡಿ ಬರುವುದೇ ಆ ತಯಾರಿ.

ಟೋನಿಯ ಬಗ್ಗೆ ಹೇಳಿದರೆ ನನ್ನ ಬಾಯಿ ಹೊಲಸಾಗುತ್ತದೆ, ಆದರೂ ಹೇಳಬೇಕು. ಅವನ ಆಫೀಸಿನ ಗಾಜಿನ ಬಾಗಿಲ ಮೇಲೆ ಕಾಂಗರೂ ಚಿತ್ರ, ಒಳಗೆ ಗುರುಗಳ ಫೋಟೋ, ಮೇಜಿನ ಮೇಲೆ ಪುಟ್ಟ ವಿಮಾನ. ಮೊದಲ ಸಲ ಅವನು ಲಕ್ಖಾ, ಬಿಂದರ್ ಇಬ್ಬರನ್ನೂ ಗಂಡ ಹೆಂಡತಿ ಅಂತಲೇ ಪ್ರವಾಸಕ್ಕೆ ಕಳಿಸಲು ಅರ್ಜಿ ಹಾಕಿದ. ಲಕ್ಖಾ ದೊಡ್ಡ ಹೋಟೆಲಿನ ಮಾಲೀಕ ಅಂತ ಬರೆದ. ಲಕ್ಖಾನಿಗೆ ಚಹಾ ಕಾಯಿಸಲೂ ಬರುತ್ತಿರಲಿಲ್ಲ. ಅಲ್ಲಿಯವರು ಒಂದು ಫೋನ್ ಮಾಡಿ ವಿಚಾರಿಸಿ ಅರ್ಜಿಯನ್ನು ಮುಖಕ್ಕೆ ಎಸೆದರು.

ಆಗ ಟೋನಿಗೆ ದೊಡ್ಡ ಯೋಚನೆ ಹೊಳೆಯಿತು. ನಮ್ಮ ಕಡೆ ಅದೇನು ಹೊಸದಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆ ಅಂಕ ತೆಗೆದ ಹುಡುಗಿಯೊಬ್ಬಳನ್ನು ಹುಡುಕುವುದು, ಅವಳ ಓದಿನ ಖರ್ಚು ಹುಡುಗನ ಮನೆಯವರು ಕೊಡುವುದು, ಮದುವೆ ಅಂತ ಒಂದು ಮಾಡಿ ಅವಳ ಬಾಲ ಹಿಡಿದು ಹುಡುಗ ವಿಮಾನ ಹತ್ತುವುದು. ಅಲ್ಲಿ ಬೇರು ಬಿಟ್ಟ ಮೇಲೆ ಆ ಮದುವೆ ಮುರಿದು ನಿಜದ ಹೆಂಡತಿಯನ್ನು ಕರೆಸಿಕೊಳ್ಳುವುದು. ಅದಕ್ಕೆ ಮೊದಲು ಇವರಿಬ್ಬರ ವಿಚ್ಛೇದನ ಆಗಬೇಕಲ್ಲ?

"ಕಾಗದ ತಾನೆ, ಪುತ್ತ್," ಅಂದಳು ಅತ್ತೆ ಗುರದಯಾಲ್ ಕೌರ್. ಬೇಬೆ ಅಂತ ಎಲ್ಲರೂ ಕರೆಯುವ ಆ ಮುದುಕಿ ಹೆತ್ತ ಮಗುವನ್ನು ಕರೆಯುವ ಹಾಗೆ ಪುತ್ತ್ ಅಂದು ಬಿಂದರಳ ಗಲ್ಲ ಸವರಿದಳು. "ಸಂಬಂಧ ಮನಸ್ಸಲ್ಲಿರುತ್ತೆ. ಕಾಗದದಲ್ಲಿ ಏನಿದೆ?"

ಕೋರ್ಟಿಗೆ ಇಬ್ಬರೂ ಹೋದದ್ದು ಒಂದೇ ಮೋಟರ್‌ಸೈಕಲ್ ಮೇಲೆ. ಒಂದು ವರ್ಷದಿಂದ ಬೇರೆ ಬೇರೆ ಇದ್ದೇವೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅಂತ ಪ್ರಮಾಣ ಮಾಡಿದರು. ತಮ್ಮ ಸರದಿ ಕಾಯುತ್ತ ವರಾಂಡದಲ್ಲಿ ಕೂತಾಗ ಬಿಂದರ್ ಡಬ್ಬಿ ತೆಗೆದು ಅವನಿಗೆ ಮೂಲಂಗಿ ಪರಾಠ ತಿನ್ನಿಸಿದಳು. ಅದನ್ನು ನೋಡಿದ ವಕೀಲ ಹೌಹಾರಿ, "ಏ, ದೂರ ಕೂತ್ಕೊಳ್ರೋ, ಮುನಿಸಿಕೊಂಡಿರೋರ ಹಾಗೆ ಕೂತ್ಕೊಳ್ಳಿ!" ಅಂತ ಗದರಿದನಂತೆ. ತೀರ್ಪು ಬಂದ ದಿನ ಬೇಬೆ ಚೌಕದ ಮಿಠಾಯಿ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಲಾಡು ತರಿಸಿ ಮನೆ ಮನೆಗೂ ಹಂಚಿದಳು.

"ಏನು ಬೇಬೆ, ಏನು ವಿಶೇಷ?"

"ನಮ್ಮ ಲಕ್ಖಾಂದು ವಿಚ್ಛೇದನ ಆಯ್ತು! ದೇವ್ರು ದೊಡ್ಡೋನು."

"ಅಭಿನಂದನೆ ಬೇಬೆ, ಅಭಿನಂದನೆ!"

ಇಂಥ ಮಾತು ಪ್ರಪಂಚದಲ್ಲಿ ಬೇರೆಲ್ಲಾದರೂ ಕೇಳಿಸುತ್ತದೆಯೇ? ಗಂಡ ಹೆಂಡತಿ ಬೇರೆಯಾದರು ಅಂತ ಸಿಹಿ ತಿಂದ ಗಲ್ಲಿ ನಮ್ಮದು. ನನ್ನ ಪಾಲಿನ ಲಾಡನ್ನು ನಾನು ಬೀದಿ ನಾಯಿಗೆ ಹಾಕಿದೆ. ಅದು ಖುಷಿಯಿಂದ ತಿಂದಿತು. ನಾಯಿಗೆ ಮರ್ಯಾದೆಯ ಚಿಂತೆ ಇಲ್ಲ. ಅಂದು ಸಂಜೆ ಎದುರು ಮನೆಯಲ್ಲಿ ಎಂದಿನಂತೆ ಬಿಂದರ್ ರೊಟ್ಟಿ ಬೇಯಿಸಿದಳು, ಲಕ್ಖಾ ತಿಂದು ತೇಗಿದ.

ಇದಕ್ಕಿಂತ ಹೇಸಿಗೆಯದು ಮದುವೆ. ಪರೀಕ್ಷೆ ಪಾಸಾಗಿದ್ದ ಹುಡುಗಿ ಪವನಪ್ರೀತ್, ಪಕ್ಕದ ಹಳ್ಳಿಯವಳು. ಅವಳ ಲೆಹೆಂಗಾ ನಾನೇ ಹೊಲಿದೆ. ಅದನ್ನು ತೆಗೆದುಕೊಂಡು ಹೋಗಲು ಬಂದವಳು ಯಾರು? ಬಿಂದರ್. ಫೋಟೋ ನಿಜದ ಹಾಗೆ ಕಾಣಬೇಕು, ಹುಡುಗನ ಕಡೆ ನೆಂಟರು ತುಂಬ ಇರಬೇಕು ಅಂತ ಟೋನಿ ಹೇಳಿದ್ದ. ಲಕ್ಖಾನಿಗೆ ಒಡಹುಟ್ಟಿದ ಅಕ್ಕ ಇದ್ದಳು. ಆದರೆ ಅವಳು ಅಣಕದ ಮದುವೆಗೆ ಬರುವುದಿಲ್ಲ ಅಂದುಬಿಟ್ಟಳು. ನಮ್ಮಲ್ಲಿ ಮದುಮಗನ ಹಣೆಗೆ, ಮುಖ ಮುಚ್ಚುವ ಹಾಗೆ ಮುತ್ತಿನ ಎಳೆಗಳ ಸೆಹ್ರಾ ಕಟ್ಟುವುದು ಅಕ್ಕತಂಗಿಯರು. ಹಾಗಾದರೆ ಯಾರು ಕಟ್ಟಬೇಕು?

"ನೀನೇ ಕಟ್ಟು ಪುತ್ತ್," ಅಂದಳು ಬೇಬೆ. "ಒಂದು ಫೋಟೋಗೆ ತಾನೆ."

ಕಟ್ಟಿದಳು. ತನ್ನ ಗಂಡನಿಗೆ ತಾನೇ ತಂಗಿಯಾಗಿ ಸೆಹ್ರಾ ಕಟ್ಟಿದಳು. ಫೋಟೋ ತೆಗೆದರು. ಅದರ ಕೆಳಗೆ 'ಮದುಮಗ ಮತ್ತು ಅವನ ತಂಗಿ' ಅಂತ ಇಂಗ್ಲಿಷಿನಲ್ಲಿ ಬರೆದು ಲಕ್ಖಾನ ಅರ್ಜಿಯ ಜೊತೆ ಕಳಿಸಿದರು. ಆ ಮಾತು ಕೇಳಿ ನಾನು ಬಿಂದರಳನ್ನು ಕರೆದು, "ನಿನಗೆ ಬುದ್ಧಿ ಇದೆಯಾ?" ಅಂತ ಕೇಳಿದ್ದೆ. ನನ್ನನ್ನು ಚಿಕ್ಕಮ್ಮ ಅನ್ನುವ ಹಾಗೆ ಮಾಸಿ ಅನ್ನುತ್ತಿದ್ದ ಅವಳು ನಕ್ಕಳು. "ಮಾಸಿ, ಎರಡೇ ವರ್ಷ. ಆಮೇಲೆ ನಾನು ಮೆಲ್ಬರ್ನಲ್ಲಿರ್ತೀನಿ. ನೀವು ಹೊಲಿದ ಸೂಟು ಹಾಕ್ಕೊಂಡು ಫೋಟೋ ಕಳಿಸ್ತೀನಿ." ಅಷ್ಟು ಚುರುಕಾದ ಹೆಣ್ಣು ಗಂಡನ ವಿಷಯದಲ್ಲಿ ಮಾತ್ರ ಕಿವಿ ಮೇಲೆ ಹೂ ಇಟ್ಟುಕೊಂಡು ಓಡಾಡಿದಳು.

ವೀಸಾ ಬರಲು ತಡವಾಯಿತು. ಅಷ್ಟು ದಿನವೂ ಲಕ್ಖಾ ಇದ್ದದ್ದು ಮನೆಯಲ್ಲೇ, ಬಿಂದರಳ ಜೊತೆಯಲ್ಲೇ. ಹಾಗಾಗಿ ಅವನು ಹೊರಡುವ ಹೊತ್ತಿಗೆ ಬಿಂದರ್ ತುಂಬು ಬಸುರಿ. ಕಾಗದದ ಹೆಂಡತಿಯ ಪಕ್ಕದಲ್ಲಿ ಕೂತು ಅವನು ಆಸ್ಟ್ರೇಲಿಯಾಕ್ಕೆ ಹಾರಿದ, ಇವಳು ಆಟೋದಲ್ಲಿ ಕೂತು ಹೆರಿಗೆಗೆ ಹೋದಳು. ಹುಟ್ಟಿದ್ದು ಹೆಣ್ಣು, ಸೀರತ್. ಮಗುವಿನ ಮುಖದಲ್ಲಿ ಮೊದಲು ಕಂಡದ್ದೇ ಮೂಗು. ಲಕ್ಖಾನ ಮನೆಯವರಿಗೆಲ್ಲ ಒಂದು ಮೂಗಿದೆ, ಉದ್ದಕ್ಕೆ ಬಂದು ತುದಿಯಲ್ಲಿ ಎಡಕ್ಕೆ ತಿರುಗುತ್ತದೆ. ಬೇಬೆಗೆ ಅದು ರಾಜವಂಶದ ಗುರುತು. ಮೊಮ್ಮಗಳ ಮೂಗು ನೋಡಿ ಹಿಗ್ಗಿ, ಹೆರಿಗೆ ಮನೆಯಿಂದ ನೇರ ಪುರಸಭೆಗೆ ಹೋಗಿ, 'ತಂದೆ: ಲಖವೀರ್ ಸಿಂಗ್' ಅಂತ ಲಕ್ಖಾನ ಪೂರ್ತಿ ಹೆಸರನ್ನು ಜನನ ನೋಂದಣಿಯಲ್ಲಿ ತಾನೇ ನಿಂತು ಬರೆಸಿ ಬಂದಳು. ಮಗನ ವಿಚ್ಛೇದನಕ್ಕೆ ಲಾಡು ಹಂಚಿದವಳಿಗೆ ಆಗ ಅದು ನೆನಪಿಗೇ ಬರಲಿಲ್ಲ. ಬಂದಿದ್ದರೂ ಬರೆಸುತ್ತಿದ್ದಳು. ಈ ಜನ ಸುಳ್ಳನ್ನು ಎಷ್ಟು ಬೇಕಾದರೂ ಹೇಳುತ್ತಾರೆ, ಆದರೆ ತಮ್ಮ ರಕ್ತದ ಬಡಾಯಿ ಬಿಡುವುದಿಲ್ಲ.

ಎರಡು ವರ್ಷ ಕಳೆಯಿತು, ನಾಲ್ಕಾಯಿತು. ಲಕ್ಖಾ ವಿಡಿಯೋದಲ್ಲಿ ಬಂದು, "ಈ ವರ್ಷ ಖಂಡಿತ" ಅನ್ನುತ್ತಿದ್ದ. ಆಮೇಲೆ ಒಂದು ದಿನ ಯಾರೋ ಬಿಂದರಳಿಗೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಲಕ್ಖಾ, ಪವನಪ್ರೀತ್, ನಡುವೆ ಕೇಕು, ಕೇಕಿನ ಹಿಂದೆ ಒಂದು ವರ್ಷದ ಗಂಡುಮಗು. ಅಂದು ಸಂಜೆ ಅಂಗಳದಲ್ಲಿ ಫೋನು ಹಿಡಿದು ಅವಳು ಕೂಗಿದ್ದು ಇಡೀ ಗಲ್ಲಿಗೆ ಕೇಳಿಸಿತು.

"ಅದೂ ಕಾಗದದ್ದೇ ಬಿಂದರ್," ಅನ್ನುತ್ತಿದ್ದ ಆ ಕಡೆಯಿಂದ. "ಆಫೀಸರು ಮನೆಗೆ ಬಂದು ನೋಡ್ತಾರೆ, ನಿಜ ಅನ್ನಿಸ್ಬೇಕಲ್ವಾ..."

"ಕಾಗದಕ್ಕೆ ಮಗು ಹುಟ್ಟುತ್ತಾ ಲಕ್ಖಾ? ಹುಟ್ಟೋದಾದ್ರೆ ನಂಗೂ ಒಂದು ರೀಮು ಕಳ್ಸು!"

ಅಲ್ಲಿಗೆ ಆ ಸಂಬಂಧಕ್ಕೆ ಅವಳು ಎಳ್ಳುನೀರು ಬಿಟ್ಟಳು. ಆದರೆ ಮನೆ ಬಿಡಲಿಲ್ಲ. ತವರಿನಲ್ಲಿ ಅಣ್ಣಂದಿರು ಆಗಲೇ ಬಾಗಿಲು ಅರ್ಧ ಮುಚ್ಚಿದ್ದರು. ಬೇಬೆಗೂ ಇವಳ ಸಂಬಳ ಬೇಕಿತ್ತು, ಸಕ್ಕರೆ ಕಾಯಿಲೆಗೆ ಇವಳ ಸೂಜಿ ಬೇಕಿತ್ತು. ಹೀಗೆ ಕಾಗದದ ಪ್ರಕಾರ ಒಬ್ಬರಿಗೊಬ್ಬರು ಏನೂ ಅಲ್ಲದ ಇಬ್ಬರು ಹೆಂಗಸರು ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕಳೆದರು. ಗಲ್ಲಿಯವರು ಅವಳನ್ನು ಲಕ್ಖಾನ ಹೆಂಡತಿ ಅಂತಲೇ ಕರೆದರು. ಹಬ್ಬಕ್ಕೆ ಬಳೆ ಕೊಟ್ಟರು. ಬೆನ್ನ ಹಿಂದೆ ಹಲ್ಲು ಕಿಸಿದರು.

ಸೀರತ್‌ಗೆ ಹನ್ನೊಂದು ತುಂಬುವ ಹೊತ್ತಿಗೆ ಬಿಂದರ್ ತನ್ನ ದಾರಿ ತಾನು ನೋಡಿಕೊಂಡಳು. ಆಸ್ಟ್ರೇಲಿಯಾದವರು ನರ್ಸುಗಳಿಗೆ ಬಾಗಿಲು ತೆರೆದಿದ್ದರು. ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ಬೇಬೆಗೆ ಸೂಜಿ ಚುಚ್ಚಿ, ರೊಟ್ಟಿ ಬೇಯಿಸಿ, ಇಂಗ್ಲಿಷ್ ಪರೀಕ್ಷೆಗೆ ಓದಿದಳು. ಪಾಸಾದಳು. ಅವಳ ಓದು, ಅನುಭವ ಎಲ್ಲವನ್ನೂ ಅಲ್ಲಿಯವರು ಒಪ್ಪಿದರು. ಯಾರ ಬಾಲವನ್ನೂ ಹಿಡಿಯದೆ ಈ ಗಲ್ಲಿಯಿಂದ ವಿಮಾನ ಹತ್ತುವ ಯೋಗ್ಯತೆ ಪಡೆದ ಮೊದಲಿಗಳು ಅವಳೇ. ಮಗಳನ್ನು ಕರೆದುಕೊಂಡು ಹೋಗುವುದಾದರೆ ಹೋಗುವುದು, ಇಲ್ಲವಾದರೆ ಇಲ್ಲ ಅಂತ ಮೊದಲ ದಿನವೇ ನನಗೆ ಹೇಳಿದ್ದಳು.

ಅರ್ಜಿಯ ಪ್ರಶ್ನೆಗಳಿಗೆ ಬಂದಾಗ ಕಾಲು ಸಿಕ್ಕಿಕೊಂಡಿತು. ಹಿಂದೆ ಎಂದಾದರೂ ವೀಸಾ ತಿರಸ್ಕಾರವಾಗಿದೆಯೇ? ಮದುವೆಯಾಗಿತ್ತೇ? ಯಾವಾಗ ಮುರಿಯಿತು? ಮಗು ಯಾವಾಗ ಹುಟ್ಟಿತು? ಮಗುವಿನ ತಂದೆ ಎಲ್ಲಿದ್ದಾನೆ, ಮಗುವನ್ನು ಕರೆದೊಯ್ಯಲು ಅವನ ಒಪ್ಪಿಗೆ ಇದೆಯೇ? ಬೇರೆಯವರಿಗೆ ಇದು ಹತ್ತು ನಿಮಿಷದ ಕೆಲಸ. ಬಿಂದರಳ ಪಾಲಿಗೆ ಒಂದೊಂದೂ ಹಳ್ಳ. ವಿಚ್ಛೇದನವಾದ ಎಷ್ಟೋ ದಿನದ ಮೇಲೆ ಹುಟ್ಟಿದ ಮಗು. ತಂದೆ ಅದೇ ಗಂಡ. ಆಗ ಅವನಿಗೆ ಬೇರೆ ಹೆಂಡತಿ. ಅವನ ಮದುವೆಯ ಫೋಟೋದಲ್ಲಿ ಇವಳು ಅವನ ತಂಗಿ.

ಟೋನಿಯ ಹತ್ತಿರ ಹೋದಳು. ಜೊತೆಗೆ ನಾನೂ ಹೋಗಿದ್ದೆ, ಅವನ ಮುಖಕ್ಕೆ ಮಂಗಳಾರತಿ ಎತ್ತುವ ಆಸೆಯಿಂದ. ಅವನು ಈಗ ದಪ್ಪಗಾಗಿದ್ದ. ಎರಡು ಕುರ್ಚಿ ತರಿಸಿ, ಕೋಲಾ ತರಿಸಿ, ಒಂದು ನಿಮಿಷ ಕಣ್ಣು ಮುಚ್ಚಿ ಯೋಚನೆ ಮಾಡುವವನ ಹಾಗೆ ನಟಿಸಿದ.

"ಸುಲಭ," ಅಂದ. "ಮದುವೇನೇ ಆಗಿಲ್ಲ ಅಂತ ಬರೀರಿ. ಹುಡುಗಿ ಅಣ್ಣನ ಮಗಳು. ಒಂದು ದತ್ತು ಕಾಗದ ಮಾಡಿಸ್ಕೊಡ್ತೀನಿ."

"ನನ್ನ ಹೊಟ್ಟೇಲಿ ಹುಟ್ಟಿದವಳನ್ನ ನಾನೇ ದತ್ತು ತಗೊಳ್ಲಾ?"

"ಕಾಗದ ತಾನೆ ಬೆಹನ್‌ಜಿ."

"ಇರೋದನ್ನ ಇದ್ದ ಹಾಗೆ ಬರೆದ್ರೆ ಏನಾಗುತ್ತೆ?"

ಟೋನಿ ನನ್ನ ಕಡೆ ನೋಡಿದ, ಇವಳಿಗೆ ಜ್ವರ ಏನಾದರೂ ಬಂದಿದೆಯೇ ಅನ್ನುವ ಹಾಗೆ. "ನಿಜ ಬರೆಯೋದಾ? ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ, ಮೋಗಾದಲ್ಲಿ ಯಾರೂ ಹಾಗೆ ಮಾಡಿಲ್ಲ. ನಿಜ ಬರೆದ್ರೆ ನನ್ನ ಆಫೀಸಿಗೆ ಕೆಟ್ಟ ಹೆಸರು ಬರುತ್ತೆ!"

ನಾನು ಬೈಯಲು ಬಾಯಿ ತೆರೆದಿದ್ದೆ. ಬಿಂದರ್ ನನ್ನ ಕೈ ಹಿಡಿದು ಎಬ್ಬಿಸಿದಳು. "ಬನ್ನಿ ಮಾಸಿ. ಇವನು ಹೇಳಿದ್ದಕ್ಕೆ ಉಲ್ಟಾ ಮಾಡಿದ್ರೆ ಸರಿಹೋಗುತ್ತೆ." ಕೋಲಾವನ್ನು ಮಾತ್ರ ಪೂರ್ತಿ ಕುಡಿದೇ ಎದ್ದಳು.

ಆ ರಾತ್ರಿಯೇ ಲಕ್ಖಾನಿಗೆ ಸುದ್ದಿ ಮುಟ್ಟಿತು. ಟೋನಿ ಮುಟ್ಟಿಸಿರಬೇಕು. ಮರುದಿನ ಮಧ್ಯಾಹ್ನ ಬೇಬೆ ಅಂಗಳದಲ್ಲಿ ಮಂಚ ಹಾಕಿಸಿ ಪಂಚಾಯಿತಿ ಸೇರಿಸಿದಳು. ಬಿಂದರ್, ಬೇಬೆ, ಸಾಕ್ಷಿಗೆ ಅಂತ ನಾನು. ನೀರಿನ ಹಿತ್ತಾಳೆ ಚೊಂಬಿಗೆ ಒರಗಿಸಿಟ್ಟ ಫೋನಿನಲ್ಲಿ ಲಕ್ಖಾ. ಅವನ ಗಡ್ಡ ಈಗ ಟ್ರಿಮ್ಮಾಗಿತ್ತು, ತಲೆಗೆ ಟೋಪಿ. ಮೆಲ್ಬರ್ನಿನಲ್ಲಿ ಟರ್ಬನ್ ಇಸ್ತ್ರಿ ಮಾಡುವವರು ಸಿಗಲಿಲ್ಲವೇನೋ.

"ಬಿಂದರ್, ನಾನು ಒಪ್ಪಿಗೆ ಕಾಗದಕ್ಕೆ ಸೈನ್ ಹಾಕಕ್ಕಾಗಲ್ಲ," ಅಂದ. "ಸೈನ್ ಹಾಕಿದ್ರೆ ಮಗಳು ನಂದು ಅಂತ ಒಪ್ಪಿದ ಹಾಗೆ. ನನ್ನ ಫೈಲಲ್ಲಿ ನೀನು ನನ್ನ ತಂಗಿ! ತಂಗಿಗೆ ಹುಟ್ಟಿದ ಮಗೂಗೆ ನಾನು ಅಪ್ಪ ಅಂದ್ರೆ ಇಲ್ಲಿ ಏನಂದ್ಕೊಳ್ತಾರೆ? ನನ್ನ ಪೌರತ್ವ ಕಿತ್ಕೊಂಡು ಕಳಿಸ್ತಾರೆ."

"ತಂಗಿ ಮಾಡಿದ್ದು ಯಾರು? ನಾನಾ?"

"ಹಳೇದೆಲ್ಲ ಬೇಡ ಈಗ. ಟೋನಿ ಹೊಸ ಜನನ ಕಾಗದ ಮಾಡಿಸ್ತಾನೆ. ಅಪ್ಪ ಯಾರೋ ಗೊತ್ತಿಲ್ಲ ಅಂತ ಬರೆಸು. ಆಗ ನನ್ನ ಒಪ್ಪಿಗೇನೂ ಬೇಕಾಗಲ್ಲ, ನಿನ್ನ ಕೆಲ್ಸಾನೂ ಆಗುತ್ತೆ."

"ಅಂದ್ರೆ ನಾನು ಯಾರ ಜೊತೆನೋ ಮಲಗಿ ಹೆತ್ತೆ ಅಂತ ಬರೆಸ್ಲಾ?"

"ಯಾರು ಓದ್ತಾರೆ ಅದನ್ನ? ಕಾಗದ ತಾನೆ."

ಬಿಂದರ್ ಫೋನಿನಿಂದ ಮುಖ ತಿರುಗಿಸಿದಳು. ಬೇಬೆಯ ಎದುರು ಕೂತಳು. "ಬೇಬೆ, ನೀವು ಹೇಳಿ. ಸೀರತ್ ಯಾರ ಮಗಳು?"

ಬೇಬೆ ದುಪಟ್ಟಾದ ಅಂಚು ತಿರುಚಿದಳು. ಫೋನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ತಾರಸಿಯ ಮೇಲಿನ ವಿಮಾನದ ಕಡೆಯೂ ನೋಡಿದಳು. "ನನ್ನ ಮಗ ಅಲ್ಲಿ ಕಷ್ಟಪಟ್ಟು ನೆಲೆ ಕಂಡಿದ್ದಾನೆ ಪುತ್ತ್. ಅವನನ್ನ ಬೀದಿಗೆ ತರಬೇಡ. ಬರೆದ್ಬಿಡು. ಕಾಗದದಲ್ಲಿ ಏನಿದೆ?"

ಆ ಮುದುಕಿಯನ್ನು ಮಂಚದಿಂದ ಕೆಳಗೆ ನೂಕಬೇಕು ಅನ್ನಿಸಿತು ನನಗೆ. ಹನ್ನೊಂದು ವರ್ಷ ಸೂಜಿ ಚುಚ್ಚಿದ ಕೈಗೆ ಇದು ಅವಳು ಕೊಟ್ಟ ಕೂಲಿ.

ಆಗ ಒಳಗಿಂದ ಸೀರತ್ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು, ಕೇಳಿಸದೆ ಇರಲು ಆ ಮನೆಯ ಗೋಡೆಗಳೇನು ಕೋಟೆ ಗೋಡೆಗಳಲ್ಲ. ಚೊಂಬಿಗೆ ಒರಗಿದ್ದ ಫೋನನ್ನು ತೆಗೆದು ಮಂಚದ ಮೇಲೆ ಬೋರಲು ಮಲಗಿಸಿದಳು. ಚೊಂಬು ಎತ್ತಿಕೊಂಡು ಒಳಗೆ ಹೋದಳು. ಲಕ್ಖಾ ಮಂಚದ ಹಗ್ಗಕ್ಕೆ ಮುಖ ಒತ್ತಿಕೊಂಡು, "ಹಲೋ? ಹಲೋ? ಬೇಬೆ, ಕತ್ತಲಾಯ್ತು!" ಅಂತ ಕೂಗುತ್ತಲೇ ಇದ್ದ. ಯಾರೂ ಅವನನ್ನು ಎತ್ತಲಿಲ್ಲ.

ಬಿಂದರ್ ಕೋರ್ಟಿಗೆ ಹೋದಳು. ಮಗುವಿನ ತಂದೆ ದೂರದೇಶದಲ್ಲಿ ತಲೆಮರೆಸಿಕೊಂಡಿದ್ದಾನೆ, ಒಪ್ಪಿಗೆ ಕೊಡುತ್ತಿಲ್ಲ, ಮಗುವಿನ ಪೂರ್ತಿ ಹೊಣೆ ನನಗೊಬ್ಬಳಿಗೇ ಕೊಡಿ ಅಂತ ಕೇಳಿದಳು. ಲಕ್ಖಾನಿಗೆ ಕೋರ್ಟಿನ ನೋಟೀಸು ಹೋಯಿತು. ಬರಲಿಲ್ಲ, ವಕೀಲನನ್ನೂ ಕಳಿಸಲಿಲ್ಲ. ಬಂದರೆ ತಂದೆ ಅಂತ ಬರಬೇಕು, ಇಲ್ಲವೇ ತಂದೆಯಲ್ಲ ಅಂತ ಪ್ರಮಾಣ ಮಾಡಬೇಕು. ಎರಡಕ್ಕೂ ಎದೆ ಬೇಕು. ಅದರ ಬದಲು ತಾಯಿಯನ್ನು ಕಳಿಸಿದ. ಮಗು ನಮ್ಮದಲ್ಲ ಅಂತ ಹೇಳಿ ಬಾ ಅಂತ. ಟೋನಿ ತನ್ನ ಕಾರಿನಲ್ಲಿ ಬೇಬೆಯನ್ನು ಕರೆತಂದ, ದಾರಿಯುದ್ದಕ್ಕೂ ಪಾಠ ಹೇಳಿಕೊಡುತ್ತ.

ನಾನು ಅಂದು ಅಂಗಡಿ ಮುಚ್ಚಿ ಕೋರ್ಟಿಗೆ ಹೋಗಿದ್ದೆ. ನಮ್ಮ ಗಲ್ಲಿಯ ಅರ್ಧ ಜನ ಅಲ್ಲೇ ಇದ್ದರು. ನ್ಯಾಯಾಧೀಶೆ ಕನ್ನಡಕದ ಹೆಂಗಸು, ಯಾರಿಗೂ ಸೊಪ್ಪು ಹಾಕುವವಳಲ್ಲ. ಮೊದಲು ಬಿಂದರಳನ್ನೇ ಕೆಣಕಿದಳು.

"ಒಂದು ವರ್ಷದಿಂದ ಬೇರೆ ಇದ್ದೀವಿ ಅಂತ ಇದೇ ಕೋರ್ಟಲ್ಲಿ ಪ್ರಮಾಣ ಮಾಡಿದ್ರಿ. ಅದು ಸುಳ್ಳಾ?"

"ಸುಳ್ಳು ಜೀ. ಅವತ್ತು ಡಬ್ಬಿ ಕಟ್ಕೊಂಡು ಬಂದಿದ್ದೆ, ವರಾಂಡದಲ್ಲಿ ಕೂತು ಅವನಿಗೆ ತಿನ್ನಿಸಿದೆ. ನಂದೂ ತಪ್ಪು. ಬರ್ಕೊಳ್ಳಿ."

"ಅದಕ್ಕೆ ಶಿಕ್ಷೆ ಆಗಬಹುದು, ಗೊತ್ತಾ?"

"ಆಗ್ಲಿ ಜೀ. ಆದ್ರೆ ನನ್ನ ಮಗಳಿಗೆ ಅಪ್ಪ ಇಲ್ಲ ಅಂತ ನಾನು ಬರೆಯಲ್ಲ. ಕೆಲಸಕ್ಕೆ ಬಾರದ ಅಪ್ಪ ಇದ್ದಾನೆ, ಆದ್ರೆ ಇದ್ದಾನೆ."

ಆಮೇಲೆ ಬೇಬೆಯ ಸರದಿ. ಬಿಳಿ ದುಪಟ್ಟಾ ತಲೆ ಮೇಲೆ ಎಳೆದುಕೊಂಡು ನಿಂತಳು. ಟೋನಿ ಹಿಂದಿನ ಬೆಂಚಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದ.

"ಈ ಹುಡುಗಿ ನಿಮ್ಮ ಮಗನ ಮಗಳಾ?" ಅಂತ ನ್ಯಾಯಾಧೀಶೆ ಕೇಳಿದಳು.

"ಅಲ್ಲ ಜೀ."

"ಪುರಸಭೆಗೆ ಹೋಗಿ ನಿಮ್ಮ ಮಗನ ಹೆಸರು ಬರೆಸಿದ್ದು ಯಾರು?"

"ನಾನೇ ಜೀ. ತಪ್ಪಾಯ್ತು. ವಯಸ್ಸಾಗಿತ್ತು, ಗೊತ್ತಾಗ್ಲಿಲ್ಲ." ಇದು ಟೋನಿ ಕಲಿಸಿದ ಪಾಠ.

"ಸರಿ. ಹಾಗಾದ್ರೆ ಮಗು ಬೇರೆ ಯಾರದೋ. ಹೊರಗಿನವನು ಯಾರೋ ಇದ್ದ, ಅವನದು. ನಿಮ್ಮ ರಕ್ತ ಅಲ್ಲ. ಹಾಗೆ ಬರ್ಕೊಳ್ಲಾ?"

ಬೇಬೆ ತಲೆಯಾಡಿಸಲು ಹೋಗಿ ಎದುರಿಗೆ ನೋಡಿದಳು. ಎದುರಿನ ಬೆಂಚಿನಲ್ಲಿ ಸೀರತ್ ಕೂತಿದ್ದಳು, ಬೇಬೆಯ ಕಡೆ ನೋಡದೆ, ಕಿಟಕಿಯ ಕಡೆ ಮುಖ ಮಾಡಿ. ಆ ಬದಿಯಿಂದ ಮೂಗು ಪೂರ್ತಿ ಕಾಣುತ್ತಿತ್ತು, ಉದ್ದಕ್ಕೆ ಬಂದು ತುದಿಯಲ್ಲಿ ಎಡಕ್ಕೆ ತಿರುಗಿದ ಮೂಗು.

"ಯಾರದೋ?" ಅಂದಳು ಬೇಬೆ. ದನಿ ಏರಿತು. "ಯಾರದೋ ಅಂದ್ರೆ ಏನು ಜೀ? ಆ ಮೂಗು ನೋಡಿ ಸ್ವಲ್ಪ! ನನ್ನ ಮಾವನವರ ಮೂಗದು. ನನ್ನ ಲಕ್ಖಾಂದೂ ಅದೇ. ಇಡೀ ಮೋಗಾದಲ್ಲಿ ಇನ್ನೊಂದು ಮನೇಲಿ ತೋರಿಸಿ ನೋಡೋಣ! ನಮ್ಮ ರಕ್ತ ಅಲ್ವಂತೆ!"

ಕೋರ್ಟು ಘೊಳ್ಳೆಂದು ನಕ್ಕಿತು. ಟೋನಿ ಎದ್ದು ಹೊರಗೆ ನಡೆದ. ಬೇಬೆ ನಾಲಿಗೆ ಕಚ್ಚಿಕೊಂಡಳು. ಪ್ರೀತಿಯಿಂದ ಆಡಿದ ಮಾತು ಅಂತ ನೀವು ಅಂದುಕೊಂಡರೆ ಅಂದುಕೊಳ್ಳಿ. ನಾನು ಅವಳನ್ನು ಮೂವತ್ತು ವರ್ಷದಿಂದ ಬಲ್ಲೆ. ಮೊಮ್ಮಗಳಿಗಾಗಿ ಸುಳ್ಳನ್ನು ಕೈಬಿಡದವಳು ಮೂಗಿಗಾಗಿ ಕೈಬಿಟ್ಟಳು.

ಸುಳ್ಳು ಪ್ರಮಾಣಕ್ಕೆ ನ್ಯಾಯಾಧೀಶೆ ಬಿಂದರಳಿಗೆ ಚೆನ್ನಾಗಿ ಛೀಮಾರಿ ಹಾಕಿದಳು. ಮಗುವಿನ ಹೊಣೆಯನ್ನೂ ಅವಳೊಬ್ಬಳಿಗೇ ಕೊಟ್ಟಳು. ಆ ತೀರ್ಪನ್ನು ಇಟ್ಟುಕೊಂಡು ಬಿಂದರ್ ಅರ್ಜಿ ತುಂಬಿದಳು, ಏಜೆಂಟಿಲ್ಲದೆ, ನನ್ನ ಕಟಿಂಗ್ ಮೇಜಿನ ಮೇಲೆ ಕೂತು. ವೀಸಾ ತಿರಸ್ಕಾರವಾಗಿದ್ದು, ಗಂಡನ ಸುಳ್ಳು ಹೋಟೆಲು, ಒಂದೇ ಮೋಟರ್‌ಸೈಕಲ್ ಮೇಲೆ ಹೋಗಿ ಪಡೆದ ವಿಚ್ಛೇದನ, ಅದಾದ ಮೇಲೂ ಕೂಡಿ ಬಾಳಿದ್ದು, ಮಗು, ಎಲ್ಲ ಬರೆದಳು. ಸೆಹ್ರಾದ ಫೋಟೋಗೆ ಬಂದಾಗ ಕೈ ನಿಂತಿತು. ನಾನು ಯಂತ್ರ ತುಳಿಯುವುದು ನಿಲ್ಲಿಸಿ ನೋಡಿದೆ, ಅಳುತ್ತಿದ್ದಳು. ಗಂಡ ಬಿಟ್ಟಾಗ ಅಳದವಳು, ಕೋರ್ಟಿನಲ್ಲಿ ಅಳದವಳು.

"ಇದೊಂದು ಹೇಗೆ ಬರೀಲಿ ಮಾಸಿ? ಓದೋರು ನಾನೆಂಥ ಹೆಂಗಸು ಅಂದ್ಕೊಳ್ತಾರೆ?"

"ಅವರೆಂಥ ಮನೆಯವರು ಅಂದ್ಕೊಳ್ತಾರೆ," ಅಂದೆ. "ಬರಿ."

ಕಣ್ಣೊರೆಸಿಕೊಂಡು ಬರೆದಳು: ಆ ಫೋಟೋದಲ್ಲಿ ಸೆಹ್ರಾ ಕಟ್ಟುತ್ತಿರುವ ತಂಗಿ ನಾನು, ಆತ ನನ್ನ ಗಂಡನಾಗಿದ್ದ.

ಅಲ್ಲಿಯವರು ಪ್ರಶ್ನೆಯ ಮೇಲೆ ಪ್ರಶ್ನೆ ಕಳಿಸಿದರು. ಒಂದಕ್ಕೂ ಅವಳ ಉತ್ತರ ಬದಲಾಗಲಿಲ್ಲ, ಬದಲಾಯಿಸಲು ಅವಳ ಹತ್ತಿರ ಇನ್ನೊಂದು ಉತ್ತರವೇ ಇರಲಿಲ್ಲ. ಆ ದಿನಗಳಲ್ಲಿ ಒಮ್ಮೆ ಲಕ್ಖಾ ನನಗೆ ಫೋನ್ ಮಾಡಿದ.

"ಮಾಸಿ, ಇಲ್ಲಿ ನನಗೂ ಒಂದು ನೋಟೀಸು ಬಂದಿದೆ. ಅವಳು ಏನು ಬರೆದಿದ್ದಾಳೆ?"

"ನಿಜ ಬರೆದಿದ್ದಾಳೆ."

"ಯಾವ ನಿಜ?"

ಫೋನ್ ಇಟ್ಟೆ. ಅವನ ನೋಟೀಸು ಏನಾಯಿತೋ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ.

ಬಿಂದರಳಿಗೂ ಸೀರತ್‌ಗೂ ವೀಸಾ ಬಂದದ್ದು ಚಳಿಗಾಲದ ಮಂಜು ಇಳಿಯುವ ಹೊತ್ತಿಗೆ. ಹೊರಡುವ ದಿನ ಬೆಳಿಗ್ಗೆ ಬಿಂದರ್ ಚೌಕದ ಅದೇ ಮಿಠಾಯಿ ಅಂಗಡಿಯಿಂದ ಲಾಡು ತಂದಳು. ಸೀರತ್ ಪೆಟ್ಟಿಗೆ ಹಿಡಿದಿದ್ದಳು, ಬಿಂದರ್ ಒಂದೊಂದೇ ಮನೆಯ ಬಾಗಿಲು ತಟ್ಟಿದಳು. ವರ್ಷಗಟ್ಟಲೆ ಬೆನ್ನ ಹಿಂದೆ ಹಲ್ಲು ಕಿಸಿದವರೆಲ್ಲ ಈಗ ಮುಂದೆ ನಿಂತು ಕಿಸಿದರು.

"ಅಭಿನಂದನೆ ಬಿಂದರ್! ವೀಸಾದ ಲಾಡಾ?"

"ಅಲ್ಲ ಜೀ. ವಿಚ್ಛೇದನದ್ದು."

"ಅಯ್ಯೋ, ಅದು ಯಾವತ್ತೋ ಆಯ್ತಲ್ಲ! ತಿಂದ್ವಲ್ಲ ಆಗಲೇ!"

"ಅವತ್ತು ನೀವು ತಿಂದಿದ್ದು ಬೇಬೇದು," ಅಂದಳು ಬಿಂದರ್. "ಇದು ನಂದು. ನಂಗೆ ಇವತ್ತಾಯ್ತು."

ಕೊನೆಗೆ ತನ್ನ ಅಂಗಳಕ್ಕೇ ಹೋದಳು. ಬೇಬೆ ಮಂಚದ ಮೇಲೆ ಕೂತಿದ್ದಳು, ಮಗಳ ಮನೆಗೆ ಹೋಗಲು ಗಂಟು ಕಟ್ಟಿಕೊಂಡು. ಬಿಂದರ್ ಅವಳಿಗೆ ಸೂಜಿ ಚುಚ್ಚಿದಳು, ಎಂದಿನಂತೆ ಹತ್ತಿಯಿಂದ ಒತ್ತಿ ಹಿಡಿದಳು. ಸಕ್ಕರೆ ಕಾಯಿಲೆಯವಳ ಅಂಗೈಯಲ್ಲಿ ಲಾಡಿನ ಒಂದು ಚೂರು ಮಾತ್ರ ಮುರಿದು ಇಟ್ಟಳು.

"ಇದ್ಯಾಕೆ ಪುತ್ತ್?" ಬೇಬೆ ಅವಳ ಕೈ ಹಿಡಿದುಕೊಂಡಳು. "ನೀನು ನನ್ನ ಸೊಸೆ ಅಲ್ವಾ? ಅದೆಲ್ಲ ಕಾಗದ ತಾನೆ..."

"ಹೌದು ಬೇಬೆ, ಕಾಗದಾನೇ," ಅಂದಳು ಬಿಂದರ್. "ನೀವ್ಯಾರೂ ಅದನ್ನ ಓದ್ಲಿಲ್ಲ. ನಾನು ಓದಿದೆ."

ಟ್ಯಾಕ್ಸಿ ಗಲ್ಲಿಯ ತಿರುವು ದಾಟಿತು. ನಾನು ಯಂತ್ರದ ಮುಂದೆ ಬಂದು ಕೂತೆ. ಬೀದಿ ನಾಯಿಯೊಂದು ಮೆಟ್ಟಿಲ ಕೆಳಗೆ ಬಾಲ ಅಲ್ಲಾಡಿಸುತ್ತ ನಿಂತು ನನ್ನ ಕೈಯನ್ನೇ ನೋಡುತ್ತಿತ್ತು. ಅದಕ್ಕೆ ರೊಟ್ಟಿ ಹಾಕಿದೆ. ಲಾಡನ್ನು ನಾನೇ ತಿಂದೆ.